ಪಂಚಾಯಿತಿ ಕಚೇರಿಯವರೆಗೆ ಬಂದ ಬೆಳಕಿನ ಎಳೆ

ಶಿರಾ ತಾಲ್ಲೂಕಿನ ಮದಲೂರಿನ ಹೆಸರು 2020ರಲ್ಲಿ ರಾಜ್ಯಕ್ಕೆಲ್ಲ ಕೇಳಿಸಿದ್ದು ಅಲ್ಲಿನ ಕೆರೆಯಿಂದ. ಆ ವರ್ಷದ ಶಿರಾ ಉಪಚುನಾವಣೆಯಲ್ಲಿ ಮದಲೂರು ಕೆರೆಗೆ ಹೇಮಾವತಿ ನೀರು ಹರಿಸುವ ಭರವಸೆಯೇ ದೊಡ್ಡ ಮಾತಾಗಿತ್ತು. ಕೆರೆಗೆ ನೀರು ಬರುವುದೇ ಬೇರೆ, ತೂಬು ದಾಟಿ ಹೊಲಕ್ಕೆ ಹರಿಯುವುದೇ ಬೇರೆ ಎಂಬುದನ್ನು ಬಯಲುಸೀಮೆಯ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅದೇ ವರ್ಷ ಕೊರೊನಾದಿಂದಾಗಿ ಶಾಲೆಗಳು ಮುಚ್ಚಿದಾಗ ಇನ್ನೊಂದು ಬಗೆಯ ಹರಿವಿನಲ್ಲಿಯೂ ಇದೇ ವ್ಯತ್ಯಾಸ ಕಾಣಿಸಿತು. ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಎಳೆಯುವ ಕೇಂದ್ರದ ಯೋಜನೆಯ ಮೊದಲ ಹಂತದಲ್ಲಿಯೇ ಕರ್ನಾಟಕ ಸೇರಿತ್ತು. ಆದರೂ ಪಾಠಗಳು ಮೊಬೈಲಿಗೆ ಬಂದಾಗ ರಾಜ್ಯದ ಹಲವೆಡೆ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಬೇಕಾಯಿತು. ಕಾಗದದಲ್ಲಿ ತಲುಪಿದ್ದು ಮಗುವಿನ ಕೈಗೆ ಏಕೆ ತಲುಪಲಿಲ್ಲ? ಉತ್ತರ ತಂತ್ರಜ್ಞಾನದಲ್ಲಿ ಅಷ್ಟಾಗಿ ಇಲ್ಲ. ಎಲ್ಲಿಯವರೆಗೆ ಬಂದರೆ ‘ತಲುಪಿತು’ ಎಂದು ಬರೆದುಕೊಳ್ಳಬೇಕು ಎಂಬ ಲೆಕ್ಕದಲ್ಲಿದೆ.

ಈ ಲೆಕ್ಕ ಹಳೆಯದು. 1854ರಲ್ಲಿ ಭಾರತದ ಅಂಚೆ ಇಲಾಖೆ ದೂರ ಎಷ್ಟೇ ಇದ್ದರೂ ಸಾಧಾರಣ ಪತ್ರಕ್ಕೆ ಅರ್ಧ ಆಣೆ ಎಂಬ ಒಂದೇ ದರವನ್ನು ತಂದಿತು. ದೂರದ ಹಳ್ಳಿಯ ಖರ್ಚನ್ನು ಎಲ್ಲರೂ ಹಂಚಿಕೊಳ್ಳಬೇಕೆಂಬ ತತ್ವ ಅದರಲ್ಲಿತ್ತು. ಟೆಲಿಫೋನಿಗೆ ಈ ಭಾಗ್ಯ ಬರಲು ಬಹಳ ಕಾಲ ಹಿಡಿಯಿತು. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ, ಸ್ಯಾಮ್ ಪಿತ್ರೋಡಾ ಅವರ ಮುಂದಾಳತ್ವದಲ್ಲಿ, ಹಳ್ಳಿಗೆಂದೇ 128 ಲೈನುಗಳ ಪುಟ್ಟ ಸ್ವಯಂಚಾಲಿತ ವಿನಿಮಯ ಕೇಂದ್ರವನ್ನು ರೂಪಿಸಿತು. ಅದರ ಮೊದಲ ಯಂತ್ರ 1986ರಲ್ಲಿ ಬಂದದ್ದು ನಮ್ಮ ಕಿತ್ತೂರಿಗೆ. ವಿದೇಶಿ ಯಂತ್ರಗಳಿಗೆ ತಂಪು ಕೋಣೆ ಬೇಕು. ಇದು ದೂಳು ಸೆಕೆಗಳ ನಡುವೆ, ಹವಾನಿಯಂತ್ರಣವಿಲ್ಲದೆ ದುಡಿಯುತ್ತಿತ್ತು. ಆಗ ಮನೆಮನೆಗೆ ಫೋನು ಕೊಡುವುದು ಸಾಧ್ಯವೇ ಇರಲಿಲ್ಲ. ಆದ್ದರಿಂದ ಬಸ್ ನಿಲ್ದಾಣದ ಬಳಿಯ ಹಳದಿ ಫಲಕದ ಎಸ್‌ಟಿಡಿ ಬೂತ್ ಎಲ್ಲರ ಫೋನಾಯಿತು. ನಡೆದು ಹೋಗುವಷ್ಟು ದೂರದಲ್ಲಿ ಒಂದು ಫೋನು ಎಂಬುದು ಆ ಕಾಲದ ಅಳತೆ. ಬಡ ದೇಶಕ್ಕೆ ಅದು ಒಪ್ಪುವಂಥ ಅಳತೆಯೇ ಆಗಿತ್ತು. ಫೋನ್ ಮಾಡುವವನು ಬೂತಿಗೆ ಹೋಗಿ ಐದು ನಿಮಿಷ ಮಾತಾಡಿ ಬರಬಹುದಲ್ಲ!

1994ರ ರಾಷ್ಟ್ರೀಯ ದೂರಸಂಪರ್ಕ ನೀತಿ 1997ರೊಳಗೆ ಎಲ್ಲ ಹಳ್ಳಿಗಳಿಗೂ ಫೋನು ಎಂದು ಸಾರಿತು. ಗಡುವು ಮುಗಿದಾಗ ಆರು ಲಕ್ಷ ಹಳ್ಳಿಗಳಲ್ಲಿ ಅರ್ಧದಷ್ಟು ಬಾಕಿ ಉಳಿದಿದ್ದವು. 1999ರ ನೀತಿ ಗಡುವನ್ನು 2002ಕ್ಕೆ ಮುಂದೂಡಿದ್ದಲ್ಲದೆ ಹಣದ ದಾರಿಯನ್ನೂ ತೋರಿಸಿತು. ಲಾಭ ಬರುವ ನಗರಗಳಲ್ಲಿ ವ್ಯಾಪಾರ ಮಾಡುವ ಕಂಪನಿಗಳು ತಮ್ಮ ಆದಾಯದ ಒಂದು ಪಾಲನ್ನು ಹಳ್ಳಿಗಾಗಿ ತೆಗೆದಿಡಬೇಕು. ಹೀಗೆ 2002ರ ಏಪ್ರಿಲ್ 1ರಿಂದ ಸಾರ್ವತ್ರಿಕ ಸೇವಾ ಬಾಧ್ಯತಾ ನಿಧಿ ಜಾರಿಗೆ ಬಂತು. ಪರವಾನಗಿ ಪಡೆದ ಕಂಪನಿಗಳ ಹೊಂದಾಣಿಕೆಯಾದ ಆದಾಯದಲ್ಲಿ ಶೇ 5 ಈ ನಿಧಿಗೆ. ಫೋನು ಬಳಸುವ ಪ್ರತಿಯೊಬ್ಬನ ಬಿಲ್ಲಿನಲ್ಲೂ ಇದರ ಒಂದು ಚೂರು ಅಡಗಿರುತ್ತದೆ ಎನ್ನಬಹುದು. ಆದರೆ ಸಂಗ್ರಹವಾದ ಹಣ ಬಹುಕಾಲ ಪೂರ್ತಿಯಾಗಿ ಖರ್ಚಾಗಲೇ ಇಲ್ಲ. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಇದಕ್ಕೆ ಡಿಜಿಟಲ್ ಭಾರತ ನಿಧಿ ಎಂಬ ಹೊಸ ಹೆಸರು ಬಂದಿದೆ.

ಬ್ರಾಡ್‌ಬ್ಯಾಂಡ್ ಎಂಬ ಶಬ್ದದ ಅರ್ಥವೂ ಬದಲಾಗುತ್ತ ಬಂತು. 2004ರ ನೀತಿಯ ಪ್ರಕಾರ ಸೆಕೆಂಡಿಗೆ 256 ಕಿಲೋಬಿಟ್ ವೇಗವಿದ್ದರೆ ಅದು ಬ್ರಾಡ್‌ಬ್ಯಾಂಡ್. 2013ರಲ್ಲಿ ಅದು 512 ಆಯಿತು. 2023ರಲ್ಲಿ 2 ಮೆಗಾಬಿಟ್.

ದೊಡ್ಡ ಹೆಜ್ಜೆ ಇಟ್ಟದ್ದು 2011ರ ಅಕ್ಟೋಬರ್‌ನಲ್ಲಿ. ದೇಶದ ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ತಲಾ 100 ಮೆಗಾಬಿಟ್ ಸಾಮರ್ಥ್ಯದ ಫೈಬರ್ ಸಂಪರ್ಕ ಕೊಡಲು ಕೇಂದ್ರ ಸಂಪುಟ ಒಪ್ಪಿತು. ಅಂದಾಜು 20 ಸಾವಿರ ಕೋಟಿ ರೂಪಾಯಿ. ಗಡುವು ಎರಡು ವರ್ಷ. ಮೊದಲ ಒಂದು ಲಕ್ಷ ಪಂಚಾಯಿತಿ ಮುಗಿಯುವಷ್ಟರಲ್ಲಿ 2017ರ ಡಿಸೆಂಬರ್ ಬಂದಿತ್ತು. ಅಷ್ಟರಲ್ಲಿ ಯೋಜನೆ ‘ಭಾರತ್‌ನೆಟ್’ ಎಂಬ ಹೆಸರು ಪಡೆದಿತ್ತು.

ಇಲ್ಲಿಯೇ ಲೆಕ್ಕದ ಗಂಟು ಬಿಗಿಯಿತು. ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆಯಂತೆ ಒಂದು ಗ್ರಾಮ ಪಂಚಾಯಿತಿಗೆ ಸಾಮಾನ್ಯವಾಗಿ ಐದರಿಂದ ಏಳು ಸಾವಿರ ಜನಸಂಖ್ಯೆ. ಶಿರಾ, ಮಧುಗಿರಿ, ಪಾವಗಡದ ಕಡೆ ಅಷ್ಟು ಜನ ಒಂದೇ ಕಡೆ ಇರುವುದಿಲ್ಲ. ಊರು, ಪಾಳ್ಯ, ಗೊಲ್ಲರಹಟ್ಟಿ, ತೋಟದ ಮನೆ ಎಂದು ಚದುರಿರುತ್ತಾರೆ. ಎಳೆ ಬಂದು ನಿಂತದ್ದು ಪಂಚಾಯಿತಿ ಕಚೇರಿಯಲ್ಲಿ. ಅಲ್ಲಿಂದ ಮುಂದಕ್ಕೆ ಖಾಸಗಿಯವರು ಒಯ್ಯುತ್ತಾರೆಂಬುದು ಯೋಜಕರ ನಂಬಿಕೆ. ಹತ್ತಾರು ಮನೆಗಳ ಹಟ್ಟಿಗೆ ಕಂಬ ನೆಟ್ಟು ತಂತಿ ಎಳೆದರೆ ಗಿಟ್ಟುವುದೆಷ್ಟು? ಅವರು ಬಾರದಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಎಳೆ ಬಂದಲ್ಲಿಯೂ ಅದು ಸದಾ ಜೀವಂತವಾಗಿರಲಿಲ್ಲ. ಕೂದಲೆಳೆಯಂಥ ಗಾಜಿನ ತಂತಿಯಲ್ಲಿ ಬೆಳಕಿನ ಮಿಡಿತವಾಗಿ ಮಾಹಿತಿ ಹರಿಯುತ್ತದೆ. ತಾಲ್ಲೂಕು ಕೇಂದ್ರದಿಂದ ಹೊರಟ ತಂತಿ ಮೂಲ ಯೋಜನೆಯಲ್ಲಿ ನೇರ ಸಾಲಾಗಿ ಹೋಗುತ್ತಿತ್ತು. ರಸ್ತೆ ಅಗಲಿಸುವ ಜೆಸಿಬಿ ಒಂದು ಕಡೆ ಕತ್ತರಿಸಿದರೆ ಅದರಾಚೆಯ ಸಂಪರ್ಕವೆಲ್ಲ ಮೌನ. ಕಚೇರಿಯ ಪೆಟ್ಟಿಗೆಗೆ ಕರೆಂಟು ಇಲ್ಲದಿದ್ದರೂ ಅದೇ ಗತಿ.

ಈ ನಡುವೆ 2016ರ ನಂತರ ಮೊಬೈಲ್ ಡೇಟಾ ಅಗ್ಗವಾಯಿತು. ಇಂದು ದೇಶದ ಬ್ರಾಡ್‌ಬ್ಯಾಂಡ್ ಬಳಕೆದಾರರಲ್ಲಿ ಬಹುಪಾಲು ಮೊಬೈಲಿನವರೇ. ಹಾಗಿದ್ದರೆ ತಂತಿ ಏಕೆ ಎಂದು ಕೇಳುವವರಿದ್ದಾರೆ. ಟವರ್‌ಗೂ ಒಳ್ಳೆಯ ವೇಗ ಸಿಗುವುದು ಅದರ ಬುಡಕ್ಕೆ ಫೈಬರ್ ಬಂದಾಗಲೇ. ಪಡಿತರದ ಅಂಗಡಿಯಲ್ಲಿ ಬೆರಳಚ್ಚು, ನಾಡಕಚೇರಿಯಲ್ಲಿ ಪಹಣಿ, ಜಾತಿ ಪ್ರಮಾಣಪತ್ರ ಎಲ್ಲವೂ ಈಗ ಜಾಲದ ಮೇಲೆ ನಿಂತಿವೆ. ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಮಾತಿಗೆ ಕೂಲಿಯವರು ತೆರುವ ಬೆಲೆ ಒಂದು ದಿನದ ಕೂಲಿ.

2023ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ತಿದ್ದುಪಡಿಯ ಭಾರತ್‌ನೆಟ್ ಈ ದೋಷಗಳನ್ನು ಹೆಚ್ಚುಕಡಿಮೆ ಒಪ್ಪಿಕೊಂಡಂತಿದೆ. ವೆಚ್ಚ ಸುಮಾರು 1.39 ಲಕ್ಷ ಕೋಟಿ ರೂಪಾಯಿ. ಸಾಲಿನ ಬದಲು ಉಂಗುರದಂತೆ ತಂತಿ ಸುತ್ತಿಸಿ, ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ಸಂಪರ್ಕ ಉಳಿಯುವಂತೆ ಮಾಡುವ ಉದ್ದೇಶವಿದೆ. ಒಂದೂವರೆ ಕೋಟಿ ಗ್ರಾಮೀಣ ಮನೆಗಳಿಗೆ ಸಂಪರ್ಕ ಕೊಡುವ ಗುರಿಯೂ ಇದೆ. ಮೊದಲ ಬಾರಿಗೆ ಕಚೇರಿಯ ಬದಲು ಮನೆ ಲೆಕ್ಕಕ್ಕೆ ಸಿಕ್ಕಿದೆ. ಆದರೆ ಪಂಚಾಯಿತಿ ಕೇಂದ್ರವಲ್ಲದ ಹಳ್ಳಿಗಳಿಗೆ ಸಂಪರ್ಕ ದೊರೆಯುವುದು ಬೇಡಿಕೆ ಬಂದರೆ ಮಾತ್ರ. ಗೊಲ್ಲರಹಟ್ಟಿಯ ಬೇಡಿಕೆಯನ್ನು ಯಾರು ಬರೆದುಕೊಡಬೇಕು, ಯಾರಿಗೆ ಕೊಡಬೇಕು ಎಂಬುದು ಮುಂದಿನ ಗ್ರಾಮಸಭೆಗಳಲ್ಲಿ ಕೇಳಬೇಕಾದ ಪ್ರಶ್ನೆ.