ಉಪ್ಪುನೀರಿನ ಗಯ್ಯಾಳಿ

ಗಾಜಿಗೆ ಹತ್ತಿದ ಪಾಚಿ ಕೆರೆಯಲು ತೊಟ್ಟಿಯೊಳಗೆ ಕೈ ಇಳಿಸಿದರೆ ಸಾಕು, ಬಂಡೆಯ ಸಂದಿಯಿಂದ ನುಗ್ಗಿ ಬಂದು ಬೆರಳ ಗೆಣ್ಣಿಗೇ ಬಾಯಿ ಹಾಕುತ್ತದೆ. ಒಮ್ಮೆ ಕಚ್ಚಿ ಓಡಿಹೋಗುವ ಪೈಕಿಯೂ ಅಲ್ಲ; ಕೈ ಹೊರಗೆ ಬರುವವರೆಗೆ ಬಿಡುವುದಿಲ್ಲ. ಉದ್ದ ಗೇಣಿಗೆ ಒಂದೆರಡು ಬೆರಳು ಕಡಿಮೆ. ಕಡುಗೆಂಪು ಮೈ, ಮೂರು ಬಿಳಿ ಪಟ್ಟಿ, ಕೆನ್ನೆಯ ಮೇಲೆ ಹಿಂದಕ್ಕೆ ಬಾಗಿದ ಮುಳ್ಳು. ಇದು ಮರೂನ್ ಕ್ಲೌನ್ ಮೀನಿನ ಹೆಣ್ಣು. ಇದನ್ನು ಸಾಕಿದವರಲ್ಲಿ ಟ್ಯಾಂಕ್ ತೊಳೆಯುವ ದಿನ ರಬ್ಬರ್ ಗ್ಲೌಸ್ ಹುಡುಕುವವರಿದ್ದಾರೆ. ಅವರಿಗೆ ಮೀನಿನ ಮೇಲೆ ಸಿಟ್ಟಂತೂ ಇರುವುದಿಲ್ಲ. ಬೈಯುತ್ತಲೇ ಹೆಮ್ಮೆಪಡುತ್ತಾರೆ.

2003ರಲ್ಲಿ 'ಫೈಂಡಿಂಗ್ ನೀಮೋ' ಸಿನಿಮಾ ಬಂದ ಮೇಲೆ ಕ್ಲೌನ್ ಮೀನೆಂದರೆ ಮುದ್ದು ಎಂಬ ಭಾವನೆ ಮಕ್ಕಳಿಂದ ಹಿರಿಯರವರೆಗೆ ಬೇರೂರಿತು. ಕ್ಲೌನ್‌ಗಳಲ್ಲಿ ಸುಮಾರು ಮೂವತ್ತು ಜಾತಿಗಳಿವೆ. ಸಿನಿಮಾದಲ್ಲಿ ಕಂಡ ಕಿತ್ತಳೆ ಬಣ್ಣದ ಆಸೆಲ್ಯಾರಿಸ್, ಅದರ ತದ್ರೂಪಿನಂಥ ಪರ್ಕುಲಾ, ಬೆನ್ನ ಮೇಲೆ ಬಿಳಿ ಗೆರೆಯ ಸ್ಕಂಕ್ ಇವೆಲ್ಲ ಸಾಧುಗಳ ಸಾಲಿನವು. ಟೊಮೇಟೊ, ಸಿನಮನ್, ಕ್ಲಾರ್ಕಿ ಬೆಳೆದಂತೆ ಬಿರುಸಾಗುತ್ತವೆ. ಮರೂನ್ ಇವೆಲ್ಲಕ್ಕಿಂತ ಒಂದು ಕೈ ಮೇಲು. ಇಷ್ಟಕ್ಕೂ ಇವೆಲ್ಲ ಡ್ಯಾಮ್ಸೆಲ್ ಕುಟುಂಬದ ಮೀನುಗಳು. ಹಿಡಿಯಷ್ಟು ಜಾಗಕ್ಕೆ ಪ್ರಾಣ ಕೊಟ್ಟು ಕಾದಾಡುವುದು ಆ ಮನೆತನಕ್ಕೇ ಅಂಟಿಬಂದ ಗುಣ.

ಕಾದಾಡದೆ ಅವಕ್ಕೆ ಬೇರೆ ದಾರಿಯೂ ಇಲ್ಲ. ಕಡಲಲ್ಲಿ ಕ್ಲೌನ್ ಬದುಕುವುದು ಅನಿಮೋನ್ ಎಂಬ ಕುಟುಕುವ ಜೀವಿಯ ಕರಬಳ್ಳಿಗಳ ನಡುವೆ. ಅದನ್ನು ಬಿಟ್ಟು ನಾಲ್ಕು ಮಾರು ಆಚೆ ಹೋದರೆ ಯಾವುದೋ ದೊಡ್ಡ ಮೀನಿನ ಬಾಯಿಗೆ ತುತ್ತು. ಹಾಗಾಗಿ ಒಂದು ಅನಿಮೋನ್‌ನಲ್ಲಿ ಒಂದು ಗುಂಪು, ಗುಂಪಿಗೆ ಒಂದೇ ಹೆಣ್ಣು. ಎಲ್ಲಕ್ಕಿಂತ ದೊಡ್ಡ ಮೀನು ಅದೇ. ಅದರ ನಂತರದ್ದು ಸಂಗಾತಿ ಗಂಡು, ಉಳಿದವು ಬಲಿಯದ ಚಿಕ್ಕವು. ಹೆಣ್ಣು ಸತ್ತರೆ ಹೊರಗಿನಿಂದ ಹೆಣ್ಣು ಬರಬೇಕಾಗಿಲ್ಲ. ಗಂಡೇ ಹೆಣ್ಣಾಗುತ್ತದೆ, ಚಿಕ್ಕವುಗಳಲ್ಲಿ ದೊಡ್ಡದು ಗಂಡಿನ ಸ್ಥಾನಕ್ಕೆ ಏರುತ್ತದೆ. ಹೆಣ್ಣಿನ ದಬ್ಬಾಳಿಕೆಯೇ ಉಳಿದವನ್ನು ಹೆಣ್ಣಾಗದಂತೆ ತಡೆದಿಡುತ್ತದೆ ಎಂದು ಹಾನ್ಸ್ ಫ್ರಿಕೆ ಮತ್ತು ಸಿಮೋನ್ ಫ್ರಿಕೆ 1977ರಲ್ಲೇ 'ನೇಚರ್' ಪತ್ರಿಕೆಯಲ್ಲಿ ಬರೆದರು. ಪೀಟರ್ ಬಸ್ಟನ್ 2003ರಲ್ಲಿ ಇನ್ನೊಂದು ಸೋಜಿಗ ತೋರಿಸಿದರು: ಕೆಳಗಿನ ಮೀನುಗಳು ತಮ್ಮ ಬೆಳವಣಿಗೆಯನ್ನೇ ಹಿಡಿದಿಟ್ಟುಕೊಂಡು ಮೇಲಿನದಕ್ಕಿಂತ ಚಿಕ್ಕದಾಗಿಯೇ ಉಳಿಯುತ್ತವೆ. ಅಳತೆ ಮೀರಿ ಬೆಳೆದರೆ ಮನೆಯಿಂದ ಹೊರಗೆ. ಹೊರಗೆ ಎಂದರೆ ಸಾವು.

ಹಾಗಿದ್ದರೂ ಕಡಲಲ್ಲಿ ಸೋತ ಮೀನಿಗೆ ಓಡಲು ಜಾಗವಾದರೂ ಇದೆ. ನಾಲ್ಕಡಿಯ ಗಾಜಿನ ತೊಟ್ಟಿಯಲ್ಲಿ ಅದೂ ಇಲ್ಲ. ಮರೂನ್ ಸಾಕುವ ಕಲೆಯೆಲ್ಲ ಈ ಒಂದು ಮಾತಿನ ಸುತ್ತ ನಿಂತಿದೆ. ಮೀನಿನ ಸ್ವಭಾವ ತಿದ್ದಲು ಹೊರಟವರು ಮೀನುಗಳನ್ನು ಕಳೆದುಕೊಳ್ಳುತ್ತಾರೆ. ಅದರ ಕಾನೂನಿಗೆ ತಕ್ಕಂತೆ ತೊಟ್ಟಿ ಹೊಂದಿಸಿದವರು ಉಳಿಸಿಕೊಳ್ಳುತ್ತಾರೆ.

ಮೊದಲ ನಿಯಮ, ಮರೂನ್ ಕೊನೆಗೆ ಬರಬೇಕು. ಮೊದಲು ಬಂದರೆ, ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದವರ ಹಾಗೆ, ಇಡೀ ತೊಟ್ಟಿಯನ್ನೇ ತನ್ನದು ಎನ್ನುತ್ತದೆ. ಬೇರೆ ಮೀನುಗಳು ಬಂದು, ತಮ್ಮ ತಮ್ಮ ಸಂದಿ ಹಿಡಿದು, ಉಂಡು ಬಲವಾದ ಮೇಲೆ ಇದನ್ನು ಬಿಡಬೇಕು. ತಡವಾಗಿ ಇನ್ನೊಂದು ಮೀನು ತರಲೇಬೇಕಾದರೆ ಬಂಡೆಗಳನ್ನು ಅದಲುಬದಲು ಮಾಡಿ, ದೀಪ ಆರಿಸಿ ಬಿಡುತ್ತಾರೆ. ಬಲ್ಲವರ ಇನ್ನೊಂದು ಉಪಾಯ, ಗಾಜಿನ ಹೊರಮೈಗೆ ಒಂದು ಕನ್ನಡಿ ಒರಗಿಸಿಡುವುದು. ಗಯ್ಯಾಳಿ ತನ್ನ ಬಿಂಬದ ಜೊತೆ ಜಗಳಕ್ಕೆ ನಿಂತಾಗ ಹೊಸಬನಿಗೆ ಅಡಗುವ ಜಾಗ ಹುಡುಕಲು ಪುರುಸೊತ್ತು ಸಿಗುತ್ತದೆ.

ಜೋಡಿ ಕೂಡಿಸುವುದು ಇದಕ್ಕಿಂತ ನಾಜೂಕಿನ ಕೆಲಸ. ಒಂದೇ ಗಾತ್ರದ ಎರಡು ದೊಡ್ಡ ಮರೂನ್ ತಂದರೆ ಎರಡೂ ಹೆಣ್ಣಾಗಿರಬಹುದು; ಒಂದು ಸಾಯುವವರೆಗೆ ಜಗಳ ನಿಲ್ಲುವುದಿಲ್ಲ. ದೊಡ್ಡದೊಂದು, ತೀರಾ ಚಿಕ್ಕದೊಂದು ಬೇಕು. ಚಿಕ್ಕದನ್ನು ತೂತುಗಳಿರುವ ಪಾರದರ್ಶಕ ಪೆಟ್ಟಿಗೆಯಲ್ಲಿಟ್ಟು ಅದೇ ತೊಟ್ಟಿಯೊಳಗೆ ತೂಗುಹಾಕುತ್ತಾರೆ. ಮೊದಮೊದಲು ಹೆಣ್ಣು ಪೆಟ್ಟಿಗೆಗೇ ಗುದ್ದುತ್ತದೆ. ರೆಕ್ಕೆ ನೆಟ್ಟಗೆ ಮಾಡಿ, ದವಡೆ ಪಟಪಟನೆ ಬಡಿದು ಸದ್ದು ಮಾಡುವುದೂ ಉಂಟು; ಸುತ್ತ ನಿಶ್ಶಬ್ದವಾಗಿದ್ದರೆ ಗಾಜಿನಾಚೆಗೂ ಟಿಕ್ ಟಿಕ್ ಎಂದು ಕೇಳುತ್ತದೆ. ಹಲ್ಲಿಗೆ ಹಲ್ಲು ತಾಗಿ ಈ ಸದ್ದು ಹುಟ್ಟುತ್ತದೆ ಎಂಬುದನ್ನು ಎರಿಕ್ ಪಾರ್ಮೆಂಟಿಯೆ ತಂಡ 2007ರಲ್ಲಿ ಕ್ಲಾರ್ಕಿ ಮೀನಿನಲ್ಲಿ ಕಂಡುಕೊಂಡಿತು. ಪೆಟ್ಟಿಗೆಯೊಳಗಿನ ಪುಟ್ಟದು ಆಗ ಮಾಡುವುದನ್ನು ಗಮನಿಸಬೇಕು. ಮೈಯನ್ನು ಒಂದು ಪಕ್ಕಕ್ಕೆ ವಾಲಿಸಿ, ತಲೆಯಿಂದ ಬಾಲದವರೆಗೆ ಚಳಿಜ್ವರ ಬಂದಂತೆ ಗಡಗಡ ನಡುಗುತ್ತದೆ. ಹೊಸದಾಗಿ ಸಾಕುವವರು ರೋಗವೆಂದು ಗಾಬರಿಯಾಗುತ್ತಾರೆ. ಅದು ಶರಣಾಗತಿ, 'ನಾನು ನಿನ್ನ ಸಮಕ್ಕೆ ಇಲ್ಲ' ಎಂಬ ಒಪ್ಪಿಗೆ. ಈ ನಡುಕ ಕಂಡು ಹೆಣ್ಣು ಗುದ್ದುವುದನ್ನು ನಿಲ್ಲಿಸಿದ ಮೇಲೆಯೇ ಪೆಟ್ಟಿಗೆ ತೆರೆಯಬೇಕು. ಕೆಲವು ಜೋಡಿಗಳಿಗೆ ವಾರ ಸಾಕು, ಕೆಲವಕ್ಕೆ ತಿಂಗಳುಗಳೇ ಬೇಕು. ಕೆಲವು ಕೂಡುವುದೇ ಇಲ್ಲ. ಆಗ ಹಟ ಹಿಡಿಯದೆ ಚಿಕ್ಕದನ್ನು ವಾಪಸು ಕೊಡುವುದೇ ಮೇಲು.

ಸಾಧು ಎನಿಸಿಕೊಂಡ ಆಸೆಲ್ಯಾರಿಸ್‌ಗೂ ಈ ಲೆಕ್ಕಾಚಾರ ಇಲ್ಲದಿಲ್ಲ. ಜಪಾನಿನ ಓಕಿನಾವಾದ ಸಂಶೋಧಕರು ಪಟ್ಟಿಯಿಲ್ಲದ, ಒಂದು, ಎರಡು, ಮೂರು ಪಟ್ಟಿ ಬರೆದ ಗೊಂಬೆ ಮೀನುಗಳನ್ನು ಮರಿ ಆಸೆಲ್ಯಾರಿಸ್‌ಗಳ ಮುಂದೆ ಇಳಿಸಿದರು. ತಮ್ಮಂತೆಯೇ ಮೂರು ಪಟ್ಟಿ ಇರುವ ಗೊಂಬೆಯ ಮೇಲೇ ಅವು ಹೆಚ್ಚು ಎರಗಿದವು. 2024ರಲ್ಲಿ ಪ್ರಕಟವಾದ ಈ ಅಧ್ಯಯನ ಸಾಕುವವರಿಗೂ ಪಾಠವೇ: ಕ್ಲೌನ್‌ಗೆ ದೊಡ್ಡ ಶತ್ರು ಇನ್ನೊಂದು ಕ್ಲೌನ್. ಒಂದು ತೊಟ್ಟಿಗೆ ಒಂದೇ ಜೋಡಿ. ಎರಡು ಜಾತಿ ಬೆರೆಸುವ ಆಸೆ ಬೇಡ.

ಇನ್ನು ತೊಟ್ಟಿ. ಮರೂನ್ ಜೋಡಿಗೆ 200 ಲೀಟರಿಗೆ ಕಡಿಮೆ ಆಗದು. ಬೋರ್‌ವೆಲ್ ನೀರು ಬೇಡವೇ ಬೇಡ. ಶುದ್ಧೀಕರಿಸಿದ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂ ಕಡಲುಪ್ಪಿನ ಮಿಶ್ರಣ ಬೆರೆಸಿ, ಬಂಡೆಯಲ್ಲಿ ಬ್ಯಾಕ್ಟೀರಿಯಾ ನೆಲೆಯಾಗಲು ನಾಲ್ಕಾರು ವಾರ ಖಾಲಿ ಬಿಡಬೇಕು. ಅಮೋನಿಯಾ ಸೊನ್ನೆಗೆ ಇಳಿಯದೆ ಮೀನು ತರುವಂತಿಲ್ಲ. ನೀರು ಆವಿಯಾಗುತ್ತದೆ, ಉಪ್ಪು ಆಗುವುದಿಲ್ಲ. ಆದ್ದರಿಂದ ಇಳಿದ ಮಟ್ಟವನ್ನು ಸಿಹಿನೀರಿನಿಂದಲೇ ತುಂಬಬೇಕು. ಕರೆಂಟು ಹೋದರೆ ಪಂಪಿಗಾದರೂ ಇನ್ವರ್ಟರ್ ಇರಲಿ. ಹಿಡಿಯಬೇಕಾದಾಗ ಬಲೆ ಬಳಸಬೇಡಿ: ಕೆನ್ನೆಯ ಮುಳ್ಳು ನೂಲಿಗೆ ಸಿಕ್ಕಿ ಬಿಡಿಸಲು ಬರುವುದಿಲ್ಲ. ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀರಿನ ಸಮೇತ ಎತ್ತುವುದು ವಾಸಿ.

ಅನಿಮೋನ್ ಬೇಕೇ ಎಂದು ಎಲ್ಲರೂ ಕೇಳುತ್ತಾರೆ. ಬೇಕಿಲ್ಲ. ಕಡಲಲ್ಲಿ ಮರೂನ್ ನೆಚ್ಚುವುದು ಬಬಲ್ ಟಿಪ್ ಅನಿಮೋನ್ ಒಂದನ್ನೇ. ಮನೆಯಲ್ಲಿ ದೊಡ್ಡ ಮೀನುಗಳ ಭಯವಿಲ್ಲದ ಕಾರಣ ಬಂಡೆಯ ಸಂದಿ, ಪಂಪಿನ ಮೂಲೆ, ಯಾವುದಾದರೂ ನಡೆಯುತ್ತದೆ. ಅನಿಮೋನ್ ಉಳಿಸುವುದು ಮೀನು ಉಳಿಸುವುದಕ್ಕಿಂತ ಕಷ್ಟ. ತೊಟ್ಟಿ ವರ್ಷ ದಾಟುವವರೆಗೆ ಆ ಆಸೆ ಮುಂದೂಡಿ. ಹವಳದ ವಿಷಯದಲ್ಲಿ ಮಾತ್ರ ಸಡಿಲಿಕೆ ಇಲ್ಲ. ಗಟ್ಟಿ ಹವಳಗಳು 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ನಮ್ಮ ಕಡಲಿನ ಹವಳದ ತುಂಡನ್ನು ಅಲಂಕಾರಕ್ಕೆಂದು ಎತ್ತಿ ತರುವುದು ಅಪರಾಧ.

ಜೋಡಿ ಹೊಂದಿದರೆ ಒಂದು ದಿನ ಗಂಡು ಚಪ್ಪಟೆ ಕಲ್ಲೊಂದನ್ನು ಬಾಯಿಂದ ಉಜ್ಜಿ ಉಜ್ಜಿ ಬೆಳಗಲು ತೊಡಗುತ್ತದೆ. ಹೆಣ್ಣು ಅಲ್ಲಿ ನೂರಾರು ಮೊಟ್ಟೆ ಅಂಟಿಸುತ್ತದೆ. ರೆಕ್ಕೆಯಿಂದ ನೀರು ಬೀಸಿ, ಕೆಟ್ಟ ಮೊಟ್ಟೆ ಆರಿಸಿ ತೆಗೆದು ಕಾಯುವುದು ಗಂಡಿನ ಪಾಲು. ಹೊರಗಿನವರನ್ನು ಓಡಿಸುವುದು ಹೆಣ್ಣಿನ ಪಾಲು. ಈ ದಿನಗಳಲ್ಲಿ ತೊಟ್ಟಿಗೆ ಕೈ ಹಾಕದಿರುವುದೇ ಜಾಣತನ. ವಾರ ಕಳೆದ ಮೇಲೆ, ದೀಪ ಆರಿದ ಹೊತ್ತಿನಲ್ಲಿ ಮೊಟ್ಟೆಯೊಡೆದು ಮರಿಗಳು ಹೊರಬರುತ್ತವೆ. ಕಣ್ಣಿಗೆ ಕಾಣುವುದೇ ಕಷ್ಟವಾದ ಆ ಮರಿಗಳಿಗೆ ರೋಟಿಫರ್ ಎಂಬ ಸೂಕ್ಷ್ಮಜೀವಿಯನ್ನೇ ಬೆಳೆಸಿ ಉಣಿಸಬೇಕು. ಈ ವಿದ್ಯೆಯನ್ನು 1970ರ ದಶಕದ ಆರಂಭದಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಮಾರ್ಟಿನ್ ಮೋ ವ್ಯಾಪಾರದ ಮಟ್ಟಕ್ಕೆ ತಂದರು. ನಮ್ಮಲ್ಲಿ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ತಮಿಳುನಾಡಿನ ಮಂಡಪಂನಲ್ಲಿ ಹಲವು ಜಾತಿಯ ಕ್ಲೌನ್ ಮರಿ ಮಾಡಿಸಿದೆ.

ಕೊಳ್ಳುವಾಗ ಹೀಗೆ ತೊಟ್ಟಿಯಲ್ಲೇ ಹುಟ್ಟಿದ ಮೀನನ್ನೇ ಕೇಳಿ. ಕಡಲಿನಿಂದ ಹಿಡಿದದ್ದಕ್ಕಿಂತ ಗಟ್ಟಿ, ರೋಗ ಕಡಿಮೆ, ಒಣ ಆಹಾರಕ್ಕೂ ಒಗ್ಗಿರುತ್ತದೆ. ಅಂಗಡಿಯವರ ಮಾತು ನಂಬಿ ದುಡ್ಡು ಎಣಿಸಬೇಡಿ. ನಿಮ್ಮೆದುರೇ ಆಹಾರ ಹಾಕಿಸಿ, ಮೇಲೆ ಬಂದು ತಿನ್ನುವುದನ್ನು ನೋಡಿ, ಏದುಸಿರು ಬಿಡುತ್ತಿಲ್ಲವೇ, ಮೈ ಮೇಲೆ ಬಿಳಿ ಲೋಳೆ ಇಲ್ಲವೇ ಗಮನಿಸಿ. ವಯಸ್ಸು ಎಷ್ಟೆಂದೂ ವಿಚಾರಿಸಿ. ಕ್ಲೌನ್‌ಗಳು ಅಕ್ವೇರಿಯಂನಲ್ಲಿ 20 ವರ್ಷ ದಾಟಿ ಬದುಕಿದ್ದುಂಟು. ಮನೆಯಲ್ಲಿ ಐದನೇ ಕ್ಲಾಸಿನ ಮಗುವಿನ ಹಟಕ್ಕೆಂದು ತಂದರೆ, ಮಗು ಕೆಲಸ ಹಿಡಿದು ಬೇರೆ ಊರಿಗೆ ಹೋದ ಮೇಲೂ ವಾರವಾರ ಉಪ್ಪುನೀರು ಕಲಸುವ ಕೆಲಸ ಅಪ್ಪ ಅಮ್ಮನದೇ.