ಮನೆಯ ಹಿತ್ತಿಲಿನಲ್ಲಿ ಡೀಸೆಲ್ ಚೆಲ್ಲಿದಾಗ: ಬಾವಿಯ ರಕ್ಷಣೆ ಮತ್ತು ಸರ್ಕಾರದ ಮೇಲ್ವಿಚಾರಣೆ

ಬಳ್ಳಿಗಾವಿ, ತಾಳಗುಂದ ಹಾಗೂ ಸೊರಬದ ಕಡೆಯ ಗ್ರಾಮಗಳಲ್ಲಿ ಟ್ರ್ಯಾಕ್ಟರ್, ಪಂಪ್‌ಸೆಟ್ ಮತ್ತು ಕೊಯ್ಲು ಯಂತ್ರಗಳಿಗಾಗಿ ಡೀಸೆಲನ್ನು ಕ್ಯಾನು, ಡ್ರಮ್ಮುಗಳಲ್ಲಿ ತಂದು ಕೊಟ್ಟಿಗೆಯಲ್ಲಿಯೋ ಹಿತ್ತಿಲಿನಲ್ಲಿಯೋ ಇಡುವುದುಂಟು. ಎಷ್ಟೋ ಮನೆಗಳಲ್ಲಿ ಕುಡಿಯುವ ನೀರಿನ ಬಾವಿಯೂ ಅದೇ ಹಿತ್ತಿಲಿನಲ್ಲಿರುತ್ತದೆ. ಡ್ರಮ್ಮು ಸೋರಿದರೆ ಯಾರಿಗೆ ತಿಳಿಸಬೇಕು, ಶುಚಿಗೊಳಿಸುವ ಕಾರ್ಯದ ಮೇಲ್ವಿಚಾರಣೆ ಯಾರದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

1934ರ ಪೆಟ್ರೋಲಿಯಂ ಅಧಿನಿಯಮದ 7ನೇ ಪ್ರಕರಣದ ಪ್ರಕಾರ, ಡೀಸೆಲ್ ಮತ್ತು ಸೀಮೆಎಣ್ಣೆ ಸೇರುವ ‘ಬಿ’ ವರ್ಗದ ತೈಲವನ್ನು ಒಂದು ಸ್ಥಳದಲ್ಲಿ ಒಟ್ಟು 2,500 ಲೀಟರ್ ಮೀರದಂತೆ, 1,000 ಲೀಟರಿಗಿಂತ ದೊಡ್ಡದಲ್ಲದ ಪಾತ್ರೆಗಳಲ್ಲಿ ಇಡಲು ಪರವಾನಗಿ ಬೇಕಿಲ್ಲ. ಆದ್ದರಿಂದ ರೈತರ ಮನೆಯ ಒಂದೆರಡು ಡ್ರಮ್ಮುಗಳನ್ನು ಪರವಾನಗಿಗಾಗಿ ಯಾರೂ ಮುಂಚಿತವಾಗಿ ತಪಾಸಣೆ ಮಾಡುವುದಿಲ್ಲ. ಇಲ್ಲಿ ಸರ್ಕಾರದ ಮೇಲ್ವಿಚಾರಣೆ ಆರಂಭವಾಗುವುದು ಎಣ್ಣೆ ಚೆಲ್ಲಿದ ನಂತರ. ಅದೂ ಯಾರಾದರೂ ತಿಳಿಸಿದರೆ. ಮನೆ ಬೆಚ್ಚಗಿಡಲು ಟ್ಯಾಂಕುಗಳಲ್ಲಿ ಎಣ್ಣೆ ತುಂಬಿಡುವ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ, 10 ಗ್ಯಾಲನ್, ಅಂದರೆ ಸುಮಾರು 38 ಲೀಟರ್ ಎಣ್ಣೆ ಚೆಲ್ಲಿದರೂ ಎರಡು ಗಂಟೆಯೊಳಗೆ ಪರಿಸರ ಇಲಾಖೆಗೆ ತಿಳಿಸುವುದು ಕಡ್ಡಾಯ. ನಮ್ಮ 1974ರ ಜಲ ಮಾಲಿನ್ಯ ಅಧಿನಿಯಮದ 31ನೇ ಪ್ರಕರಣವು ಇಂತಹ ಹೊಣೆಯನ್ನು ಉದ್ದಿಮೆ, ಕಾರ್ಯಾಚರಣೆಗಳ ಸ್ಥಳದ ಉಸ್ತುವಾರಿ ಹೊತ್ತವರ ಮೇಲೆ ಹೊರಿಸಿದೆ, ಮನೆಗಳನ್ನು ಹೆಸರಿಸಿಲ್ಲ. ಹಾಗೆಂದು ಸುಮ್ಮನಿರುವುದು ಸರಿಯಲ್ಲ.

ಕಾರಣ ಲೆಕ್ಕದಲ್ಲಿಯೇ ಇದೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರಂತೆ ಒಂದು ಲೀಟರ್ ನೀರಿನಲ್ಲಿ ಖನಿಜ ತೈಲವು 0.5 ಮಿಲಿಗ್ರಾಂ ಮೀರುವಂತಿಲ್ಲ. ಒಂದು ಲೀಟರ್ ಡೀಸೆಲ್ ಪೂರ್ತಿ ಬೆರೆತರೆ ಸುಮಾರು 16 ಲಕ್ಷ ಲೀಟರ್ ನೀರು ಈ ಮಿತಿಯನ್ನು ಮುಟ್ಟುತ್ತದೆ. ಗ್ರಾಮಗಳಲ್ಲಿ ಬಳಸುವ ಕ್ಷೇತ್ರ ಪರೀಕ್ಷಾ ಕಿಟ್ ಕ್ಲೋರೈಡ್, ಫ್ಲೋರೈಡ್, ನೈಟ್ರೇಟ್ ಮುಂತಾದವನ್ನು ತೋರಿಸುತ್ತದೆಯೇ ಹೊರತು ಎಣ್ಣೆಯನ್ನಲ್ಲ. ಕಿಟ್‌ನಲ್ಲಿ ನೀರು ಸರಿಯಿದೆ ಎಂದು ಬಂದರೂ ನಂಬಬಾರದು.

ಚೆಲ್ಲಿದ ಕೂಡಲೇ ಸೋರಿಕೆ ನಿಲ್ಲಿಸಿ, ಬೆಂಕಿಯನ್ನು ದೂರವಿಟ್ಟು, ಬಾವಿಯ ಕಡೆಗೆ ಮಣ್ಣಿನ ಒಡ್ಡು ಹಾಕಿ, ಒಣ ಮಣ್ಣು, ಮರದ ಹೊಟ್ಟು ಅಥವಾ ಭತ್ತದ ಹೊಟ್ಟಿನಿಂದ ಹೀರಿಸಬೇಕು. ನೀರು ಸುರಿದು ತೊಳೆಯಬಾರದು; ತೊಳೆದಷ್ಟೂ ಎಣ್ಣೆ ಆಳಕ್ಕಿಳಿಯುತ್ತದೆ. ಜಂಬಿಟ್ಟಿಗೆಯ ನೆಲದಲ್ಲಂತೂ ಇಳಿಯುವುದಕ್ಕೆ ತಡವಾಗದು. ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿಬಿಟ್ಟರೆ ಆಯಿತು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಅದು ರೋಗಾಣುಗಳಿಗೆ ಮದ್ದು, ಎಣ್ಣೆಗಲ್ಲ. ಮೋಟಾರು ಹಾಕಿ ಬಾವಿ ಬತ್ತಿಸುವುದೂ ತಪ್ಪು: ಮೇಲೆ ತೇಲುವ ಎಣ್ಣೆ ನೀರಿನೊಂದಿಗೆ ಕೆಳಗಿಳಿದು ಬಾವಿಯ ಗೋಡೆಗೆಲ್ಲ ಮೆತ್ತಿಕೊಳ್ಳುತ್ತದೆ.

ನಂತರ ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಗೆ ತಿಳಿಸಬೇಕು. ಬೆಂಕಿಯ ಭಯವಿದ್ದಲ್ಲಿ ಮೊದಲು 112ಕ್ಕೆ ಕರೆ ಮಾಡಬೇಕು. ಅಕ್ಕಪಕ್ಕದ ಬಾವಿಗಳ ಬಳಕೆಯನ್ನು ತಡೆದು, ಬೇರೆ ನೀರಿನ ವ್ಯವಸ್ಥೆ ಮಾಡಿ, ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಶಿವಮೊಗ್ಗ ಪ್ರಾದೇಶಿಕ ಕಚೇರಿಗೆ ಲಿಖಿತವಾಗಿ ವರದಿ ಮಾಡುವುದು ಪಂಚಾಯಿತಿಯ ಕೆಲಸ. ಬಾವಿಗಾಗಲಿ ನೆಲಕ್ಕಾಗಲಿ ಸೇರಿದ ಮಾಲಿನ್ಯವನ್ನು ತೆಗೆಸಲು ಜಲ ಅಧಿನಿಯಮದ 32ನೇ ಪ್ರಕರಣದಡಿ ಮಂಡಳಿಗೆ ತುರ್ತು ಅಧಿಕಾರವಿದೆ. ಪರೀಕ್ಷೆಗೆ ನೀರನ್ನು ಗಾಜಿನ ಬಾಟಲಿಯಲ್ಲಿ ಕೊಡಬೇಕು. ಎಣ್ಣೆ ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಫಲಿತಾಂಶ ಕಡಿಮೆ ಬರಬಹುದು. ತೆಗೆದ ಮಣ್ಣನ್ನು ಹಳ್ಳಕ್ಕೆ ಎಸೆಯದೆ, ಸುಡದೆ, ಮಂಡಳಿಯ ಸೂಚನೆ ಬರುವವರೆಗೆ ಟಾರ್ಪಾಲಿನ ಮೇಲಿಟ್ಟು ಮಳೆ ತಾಗದಂತೆ ಮುಚ್ಚಿಡಬೇಕು.

ಕೇಸು ಬೀಳಬಹುದೆಂಬ ಭಯದಿಂದ ವಿಷಯವನ್ನು ಮುಚ್ಚಿಡುವವರಿದ್ದಾರೆ. ಅದೇ ಅಧಿನಿಯಮದ 24ನೇ ಪ್ರಕರಣವು ನಿಷೇಧಿಸುವುದು ತಿಳಿದೂ ಮಾಲಿನ್ಯವನ್ನು ನೀರಿಗಾಗಲಿ ನೆಲಕ್ಕಾಗಲಿ ಸೇರಿಸುವುದನ್ನು, ಸೇರಲು ಬಿಡುವುದನ್ನು. ಕೈತಪ್ಪಿ ಉರುಳಿದ ಡ್ರಮ್ಮು ಬೇರೆ, ರಾತ್ರಿ ಹಳ್ಳಕ್ಕೆ ತೊಳೆದುಬಿಟ್ಟ ಎಣ್ಣೆ ಬೇರೆ. ವೆಚ್ಚದ ವಿಷಯವನ್ನೂ ತಿಳಿದಿರಬೇಕು: ನಿಗದಿತ ಮಾನಕ ಮೀರಿದ ಮಾಲಿನ್ಯವನ್ನು ಪ್ರಾಧಿಕಾರವೇ ಶುಚಿಗೊಳಿಸಬೇಕಾಗಿ ಬಂದರೆ, 1986ರ ಪರಿಸರ (ಸಂರಕ್ಷಣೆ) ಅಧಿನಿಯಮದ 9ನೇ ಪ್ರಕರಣದಂತೆ ಅದರ ಖರ್ಚನ್ನು ಬಡ್ಡಿಸಹಿತ ಸಂಬಂಧಪಟ್ಟವರಿಂದ ಭೂಕಂದಾಯದ ಬಾಕಿಯಂತೆ ವಸೂಲು ಮಾಡಬಹುದು. ಮೊದಲ ದಿನವೇ ತಿಳಿಸಿದರೆ ತೆಗೆಯಬೇಕಾದ ಮಣ್ಣು ಕೆಲವು ಬುಟ್ಟಿಗಳಷ್ಟಿರಬಹುದು. ಒಂದು ಮಳೆಗಾಲ ಕಳೆದ ಮೇಲೆ ಪಕ್ಕದ ಮನೆಯ ಬಾವಿಯೂ ಅದರ ಲೆಕ್ಕಕ್ಕೆ ಸೇರಬಹುದು.