ಹಿಮಸಾರಂಗದ ಮೇವುನೆಲ: ‘ಗುವೊಹ್ತುನ್’ ಶಬ್ದವಿಚಾರ

ನಾರ್ವೆ, ಸ್ವೀಡನ್, ಫಿನ್ಲೆಂಡ್ ದೇಶಗಳ ಉತ್ತರಭಾಗದಲ್ಲಿಯೂ ರಷ್ಯದ ಕೋಲಾ ಪರ್ಯಾಯದ್ವೀಪದಲ್ಲಿಯೂ ವಾಸಿಸುವ ಸಾಮಿ ಜನರು ಹಿಮಸಾರಂಗಗಳನ್ನು ಸಾಕುವರೆಂಬುದು ವಾಚಕರಿಗೆ ವಿದಿತವೇ. ಆದರೆ ಆ ಮೃಗಕ್ಕೆ ಚಳಿಗಾಲದ ಮುಖ್ಯಾಹಾರವಾವುದೆಂಬುದನ್ನು ಬಲ್ಲವರು ನಮ್ಮಲ್ಲಿ ವಿರಳ. ಅಣಬೆಯೂ ಪಾಚಿಯೂ ಕೂಡಿ ಏಕದೇಹವಾಗಿ ಬೆಳೆಯುವ ಒಂದು ಬಗೆಯ ಕಲ್ಲುಹೂವೇ ಅದು. ಅಮರಸಿಂಹನು ಶೈಲೇಯವೆಂದೂ ಅಶ್ಮಪುಷ್ಪವೆಂದೂ ಹೇಳಿರುವ, ನಮ್ಮ ಮಸಾಲೆಗೆ ಬೀಳುವ ವಸ್ತುವಿಗೆ ಇದು ದೂರದ ನಂಟು. ಇದು ನೆಲದ ಮೇಲೆ ಬೆಳೆಯುವುದರಿಂದ ‘ಕಲ್ಲು’ ಎಂಬುದು ಸಲ್ಲದು. ಬೇರೆ ಹೆಸರು ತೋರದೆ ಹಾಗೆಯೇ ಬಳಸಿದ್ದೇನೆ.

ಈ ಕಲ್ಲುಹೂವು ವರ್ಷಕ್ಕೆ ಕೆಲವೇ ಮಿಲಿಮೀಟರುಗಳಷ್ಟು ಬೆಳೆಯುತ್ತದೆ. ಬುಡಮಟ್ಟ ಮೇಯ್ದ ನೆಲವು ಮತ್ತೆ ತುಂಬಿಕೊಳ್ಳಲು ದಶಕಗಳೇ ಬೇಕು. ಬೇಸಗೆಯಲ್ಲಿ ಒಣಗಿರುವಾಗ ಗೊರಸಿನ ತುಳಿತಕ್ಕೆ ಸಿಕ್ಕಿದರೆ ತಿನ್ನುವ ಮೊದಲೇ ಪುಡಿಯಾಗುತ್ತದೆ. ಆದಕಾರಣ ನಾರ್ವೆಯ ಉತ್ತರದ ಸಾಮಿಗಳು ಬೇಸಗೆಯಲ್ಲಿ ಹಿಂಡುಗಳನ್ನು ಕಡಲತೀರಕ್ಕೆ ಹೊಡೆದುಕೊಂಡು ಹೋಗಿ, ಒಳನಾಡಿನ ನೆಲಕ್ಕೆ ಬಿಡುವು ಕೊಡುತ್ತಾರೆ.

ಕಾಯುವವರಿಲ್ಲದೆಡೆ ಏನಾಗುವುದೆಂಬುದಕ್ಕೆ ಬೇರಿಂಗ್ ಸಮುದ್ರದ ಸೇಂಟ್ ಮ್ಯಾಥ್ಯೂ ದ್ವೀಪವೇ ನಿದರ್ಶನ. 1944ರಲ್ಲಿ ಅಲ್ಲಿ ಬಿಟ್ಟ 29 ಹಿಮಸಾರಂಗಗಳು 1963ರಲ್ಲಿ ಸುಮಾರು 6,000 ಆದವು. ಕಲ್ಲುಹೂವು ತೀರಿತು, ಮುಂದಿನ ಚಳಿಗಾಲ ಕಠಿನವಾಯಿತು. 1966ರಲ್ಲಿ ಉಳಿದವು 42.

ಹಾಗಾದರೆ ಸಂಖ್ಯೆಯನ್ನು ಗೊತ್ತುಮಾಡಿದರೆ ಸಾಲದೆ? ಫಿನ್ಲೆಂಡಿನ ಸರಕಾರವು ಪರಮಾವಧಿಯನ್ನು 2,03,700 ಎಂದು ವಿಧಿಸಿದೆ. ಮಿತಿ ಅವಶ್ಯವೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಉತ್ತರಸಾಮಿ ಭಾಷೆಯ ‘ಗುವೊಹ್ತುನ್’ ಎಂಬ ಶಬ್ದವು ಆ ಲೆಕ್ಕಕ್ಕೆ ಸಿಕ್ಕದ ಒಂದಂಶವನ್ನು ಹಿಡಿದಿಟ್ಟಿದೆ. ಇದನ್ನು ‘ಮೇವು’ ಎಂದು ಅನುವಾದಿಸಿದರೆ ಅರ್ಥ ಕೆಟ್ಟಿತು. ಹಿಮದಡಿಯ ಮೇವು, ಅದರ ಮೇಲಣ ಹಿಮದ ಸ್ಥಿತಿ, ಅದನ್ನು ಕೆದಕಿ ತೆಗೆಯಲು ಮೃಗಕ್ಕಿರುವ ಅವಕಾಶ, ಈ ಮೂರೂ ಸೇರಿ ಗುವೊಹ್ತುನ್. ನಡುಚಳಿಗಾಲದಲ್ಲಿ ಮಳೆ ಬಿದ್ದು ಹೆಪ್ಪುಗಟ್ಟಿದರೆ ನೆಲವನ್ನು ಮಂಜುಗಡ್ಡೆಯ ಪದರ ಮುಚ್ಚುತ್ತದೆ. ಇದಕ್ಕೆ ‘ಚುವೊಹ್ಕಿ’ ಎಂದು ಹೆಸರು. ಆಗ ಕೆಳಗೆ ಎಷ್ಟು ಕಲ್ಲುಹೂವಿದ್ದರೂ ಗುವೊಹ್ತುನ್ ಇಲ್ಲ. ಹಿಂಡನ್ನು ಬೇರೆಡೆಗೆ ಒಯ್ಯಲೇಬೇಕು. ಆದುದರಿಂದ ಹತ್ತು ವರ್ಷ ಮೇಯಿಸದೆ ಬಿಟ್ಟ ಬಯಲೂ ಪಾಳುಭೂಮಿಯೆನಿಸದು. ಹನ್ನೊಂದನೆಯ ವರ್ಷ ಅದೇ ಪ್ರಾಣಾಧಾರವಾದೀತು.

ಹೊರಗಿನವರ ಕಣ್ಣಿಗೆ ಮಾತ್ರ ಅದು ಬರಿದಾದ ನೆಲ. ನಾರ್ವೆಯ ಫೋಸೆನ್ ಪ್ರಾಂತದಲ್ಲಿ ಚಳಿಗಾಲದ ಮೇವುನೆಲದ ಮೇಲೆ ಗಾಳಿಯಂತ್ರಗಳೆದ್ದವು. ಅವುಗಳ ಪರವಾನಗಿಯು ಸಾಮಿಗಳ ಸಂಸ್ಕೃತಿಯ ಹಕ್ಕಿಗೆ ವಿರುದ್ಧವಾದುದರಿಂದ ಅಸಿಂಧುವೆಂದು ಆ ದೇಶದ ಪರಮೋಚ್ಚ ನ್ಯಾಯಾಲಯವು 2021ರ ಅಕ್ಟೋಬರ್ 11ರಂದು ತೀರ್ಪಿತ್ತಿತು. ಯಂತ್ರಗಳನ್ನು ಕೀಳಲಿಲ್ಲ. 2023ರ ಡಿಸೆಂಬರಿನಲ್ಲಿಯೂ 2024ರ ಮಾರ್ಚಿನಲ್ಲಿಯೂ ಆದ ಒಪ್ಪಂದಗಳಂತೆ, ಸರಕಾರವು ಬೇರೆಡೆ ಚಳಿಗಾಲದ ಮೇವುನೆಲವನ್ನು ಒದಗಿಸಬೇಕಾಗಿದೆ.